ಬಳೆ ಅಳತೆಗೆ ಬಂದ ಬೀಗರು

ಅವಸರ ಯಾರಿಗಿದೆ ರುಕ್ಮಿಣಕ್ಕ? ನಮಗಾ? ಅಯ್ಯೋ ದೇವ್ರೇ… ಏನೂ ಅವಸರ ಇಲ್ಲ ಕಣಕ್ಕ! ಆಷಾಢಕ್ಕೆ ಮುಂಚೆ ಮದುವೆ ಮುಗಿಸ್ಬಿಡೋಣ ಅಂತ ನಿಮ್ಮಣ್ಣ ಮುನಿವೆಂಕಟಪ್ಪನೋರ ಕೈಲಿ ಹೇಳಿ ಕಳ್ಸಿದ್ವಿ, ಅಷ್ಟೇ. ಅಷ್ಟಕ್ಕೇ ನೀವು ಸೂಲಿಬೆಲೇಲಿ ಬಸ್ ಹತ್ತಿ, ದೇವನಹಳ್ಳೀಲಿ ಇಳಿದು, ಇನ್ನೊಂದು ಬಸ್ ಹಿಡಿದು, ಈ ಉರಿಬಿಸಿಲಲ್ಲಿ ದೊಡ್ಡಬಳ್ಳಾಪುರದ ತನಕ ಒಬ್ರೇ ಬಂದ್ಬಿಡೋದಾ? ಒಂದು ಮಾತು ಹೇಳಿ ಕಳ್ಸಿದ್ರೆ ಒಬ್ಬಟ್ಟು ಮಾಡಿರ್ತಿದ್ದೆ. ಗಂಡಿನ ತಾಯಿ ಮನೆ ಬಾಗಿಲಿಗೆ ಬಂದ್ರೆ ವರಲಕ್ಷ್ಮಮ್ಮ ಬರೀ ಕಾಫಿ ಕೊಟ್ಟು ಕಳ್ಸಿದ್ಲು ಅಂತ ನಾಳೆ ನಾಲ್ಕು ಜನ ಆಡ್ಕೊಳಲ್ವಾ?

ಕಾಫಿ ಅಗೋ, ಕಟ್ಟೆ ಮೇಲೆ ಇಟ್ಟಿದೀನಿ. ನೀವೇ ಎತ್ಕೊಂಬಿಡಿ. ಬೇರೆಯೋರ ಮನೆ ಅಂತ ಯಾಕೆ ಅನ್ಕೋತೀರಾ… ಹೂಂ, ಅರ್ಧ ಲೋಟಾನೇ ಹಾಕಿರೋದು. ಈ ಬಿಸಿಲಲ್ಲಿ ಜಾಸ್ತಿ ಕುಡಿದ್ರೆ ಪಿತ್ತ ಆಗುತ್ತೆ. ಬೇಕಾದ್ರೆ ಇನ್ನರ್ಧ ಬಗ್ಗಿಸ್ಕೊಳ್ಳಿ, ಪಾತ್ರೆ ಅಲ್ಲೇ ಇದೆ.

ಏನ್ ಕೇಳಿದ್ರಿ? ಮತ್ತೆ ಅದೇನಾ? ದೀಪಾವಳಿ ಕಳೀಲಿ ಅಂತ ನೀವು ಅಂದಿದ್ದು ನಿಜ, ನಾವು ತಲೆ ಆಡಿಸಿದ್ದೂ ನಿಜ. ಆಮೇಲೆ ಪುರೋಹಿತ್ರ ಹತ್ರ ಹೋದ್ವಿ, ಅವ್ರು ಪಂಚಾಂಗ ತೆಗೆದು, ಈಗ ಬಿಟ್ರೆ ಹುಡುಗಿಗೆ ಗುರುಬಲ ಇಲ್ಲ ಕಣಮ್ಮ ಅಂದ್ಬಿಟ್ರು. ಗುರುಬಲ ಇಲ್ದೆ ಮಾಡೋಕಾಗುತ್ತಾ? ಮತ್ತೆ ಛತ್ರಾನೂ ಈಗ ಸಿಗ್ತಾ ಇದೆ. ಮತ್ತೆ ನಮ್ಮತ್ತೆ… ವಯಸ್ಸಾಗಿದೆ, ಮೊಮ್ಮಗಳ ಮದುವೆ ನೋಡ್ಕೊಂಡೇ ಕಣ್ಮುಚ್ತೀನಿ ಅಂತ ಹಟ ಹಿಡಿದು ಕೂತಿದೆ…

ಯಾಕೆ ನಗ್ತೀರಾ?

ಏನು? ನಮ್ಮತ್ತೆ ಹೋಗಿ ವರ್ಷ ಆಯ್ತು ಅಂತ ಅದನ್ನೂ ಮುನಿವೆಂಕಟಪ್ಪನೋರು ಹೇಳ್ಬಿಟ್ಟಿದಾರಾ? ಅವ್ರ ಬಾಯಲ್ಲಿ ಏನಾದ್ರೂ ನಿಲ್ಲುತ್ತಾ! ಅಲ್ಲ ಅಕ್ಕ, ನಾನು ಹೇಳಿದ್ದು ನಮ್ಮತ್ತೆ ತಂಗೀನ. ಸಾಸಲು ಅನ್ನೋ ಹಳ್ಳೀಲಿದೆ. ಅದನ್ನೂ ನಾವು ಅತ್ತೆ ಅಂತಾನೇ ಕರೆಯೋದು. ನಕ್ಕೊಳ್ಳಿ, ನಕ್ಕೊಳ್ಳಿ. ಬೀಗ್ರು ನಕ್ರೆ ಮನೆಗೆ ಒಳ್ಳೇದು.

ಶಾಮಲಾನಾ? ಬರ್ತಾಳೆ, ಸೈರನ್ ಆಗೋ ಹೊತ್ತಾಯ್ತು. ಫ್ಯಾಕ್ಟ್ರಿ ಇಲ್ಲೇ ಅಲ್ವಾ, ಈ ಲೈನ್ ಮನೆ ಸಾಲು ಮುಗಿದ್ರೆ ಕಾಂಪೌಂಡು. ಗೇಟಲ್ಲಿ ಖಾಕಿ ಹಾಕ್ಕೊಂಡು ಸಲಾಮು ಹೊಡೀತಾ ನಿಂತಿದ್ರಲ್ಲ, ಅವ್ರೇ ನಮ್ಮ ಯಜಮಾನ್ರು, ವೆಂಕಟರಾಯಪ್ಪನೋರು. ಗುರ್ತು ಸಿಗ್ಲಿಲ್ವಾ? ಹೆಣ್ಣು ನೋಡೋ ದಿನ ಪಂಚೆ ಉಟ್ಟಿದ್ರು, ಅದಕ್ಕೇ. ಖಾಕಿ ಹಾಕಿದ್ರೆ ನನಗೇ ಒಂದೊಂದ್ಸಲ ಗುರ್ತು ಸಿಗಲ್ಲ.

ಅವಳು ಬರೋ ತನಕ ಕಾಯೋದು ಯಾಕಕ್ಕ? ಬಳೆ ಅಳತೆ ತಾನೇ? ಆ ಕರ್ಚೀಫಲ್ಲಿ ಕಟ್ಕೊಂಡು ಬಂದಿದೀರಲ್ಲ, ನಿಮ್ಮ ಮನೆ ಹಳೇ ಬಳೆ, ಅದನ್ನ ನನಗೆ ಕೊಟ್ಟು ಹೋಗಿ. ರಾತ್ರಿ ಅವಳ ಕೈಗೆ ಹಾಕಿ ನೋಡಿ ಹೇಳಿ ಕಳಿಸ್ತೀನಿ. ಸುಸ್ತಾಗಿ ಬರ್ತಾಳೆ ಕೂಸು, ಬಂದ ತಕ್ಷಣ ಕೈ ಹಿಡ್ಕೊಂಡು ಎಳೆದಾಡಿದ್ರೆ…

ಇಲ್ಲ, ಮುಚ್ಚಿಡೋಕೆ ಏನಿದೆ?

ತಡೀರಿ. ಒಂದು ನಿಮಿಷ ತಡೀರಿ ರುಕ್ಮಿಣಕ್ಕ. ಬಂದ ತಕ್ಷಣ ನೀವು ಏನ್ ಕೇಳಿದ್ರಿ? ಹುಡುಗಿ ಈ ತಿಂಗಳು ಯಾವತ್ತು ಹೊರಗಾಗಿದ್ಲು ಅಂತ ಕೇಳಿದ್ರಿ. ನಾನೂ ಪೆದ್ದಿ, ಬಳೆ ಶಾಸ್ತ್ರದ ದಿನ ಗೊತ್ತು ಮಾಡೋಕೆ ಅನ್ಕೊಂಡೆ. ಆಗ್ಲಿಂದ ಆ ಬಚ್ಚಲು ಕಡೆ ಹಗ್ಗ ನೋಡ್ತಾ ಇದೀರ, ಯಾವ ಬಟ್ಟೆ ಒಣಗಿದೆ, ಯಾವುದು ಒಣಗಿಲ್ಲ ಅಂತ. ಇದು ಬಳೆ ಅಳತೇನಾ? ಹೊಟ್ಟೆ ಅಳತೇನಾ?

ಬಾಯಿಬಿಟ್ಟು ಕೇಳ್ಬಿಡಿ. ಕೇಳಿ! ದಿಢೀರ್ ಅಂತ ಮದುವೆ ಇಷ್ಟು ಬೇಗ ಮಾಡ್ತೀವಿ ಅಂದ್ರಲ್ಲ, ಹುಡುಗಿಗೆ ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ ಅಂತ… ಥೂ! ನನ್ನ ಮಗಳ ಬಗ್ಗೆ ನನ್ನ ಬಾಯಲ್ಲೇ ಇದನ್ನ ಆಡಿಸಿದ್ರಲ್ಲ!

ಕೂತ್ಕೊಳ್ಳಿ, ಕೂತ್ಕೊಳ್ಳಿ. ಸಿಟ್ಟಲ್ಲಿ ಅಂದ್ಬಿಟ್ಟೆ. ಕೈ ಮುಗಿತೀನಿ, ಏಳ್ಬೇಡಿ. ನಿಮ್ಮ ಜಾಗದಲ್ಲಿ ನಾನಿದ್ರೂ ಹಿಂಗೇ ಬಸ್ ಹತ್ತಿ ಬರ್ತಿದ್ದೆ, ನಿಮಗಿಂತ ಮುಂಚೆ ಬರ್ತಿದ್ದೆ. ಒಬ್ಬನೇ ಮಗ. ಡೈರೀಲಿ ಹಾಲು ಪರೀಕ್ಷೆ ಮಾಡೋನ ತಾಯಿ ಹೆಣ್ಣನ್ನ ಪರೀಕ್ಷೆ ಮಾಡ್ದೆ ಬಿಡ್ತಾಳಾ? ಆದ್ರೆ ನಮ್ಮ ಹಾಲಲ್ಲಿ ನೀರಿಲ್ಲ ಕಣಕ್ಕ. ಆಣೆ ಮಾಡಿ ಹೇಳ್ತೀನಿ. ಫ್ಯಾಕ್ಟ್ರಿ ಆ ರೂಮಲ್ಲಿ ಯಾವನಾದ್ರೂ ಅವಳನ್ನ ಕಣ್ಣೆತ್ತಿ ನೋಡೋಕೂ ಆಗಲ್ಲ. ನೋಡಿದ್ರೂ ಏನು ಕಾಣ್ಬೇಕು? ಕಣ್ಣಿನ ಬಿಳುಪು, ಹಲ್ಲಿನ ಬಿಳುಪು, ಅಷ್ಟೇ. ಮಿಕ್ಕಿದ್ದೆಲ್ಲ ಕಪ್ಪೋ ಕಪ್ಪು…

ಕಪ್ಪು ಅಂದ್ನಾ?

ಅದು… ಲೇಬಲ್ ಅಂಟಿಸೋ ಕೆಲ್ಸ ಅಂತ ಹೇಳಿದ್ವಿ, ಹೌದು. ಲೇಬಲ್ ಅಂಟಿಸೋ ಕಡೇನೂ ಇದ್ಲು, ಮೊದಲು. ಈಗ… ಒಳಗೆ ಮಿಕ್ಸಿಂಗ್‌ನಲ್ಲಿ ಇದಾಳೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ ಅಕ್ಕ. ಮಿಕ್ಸಿಂಗ್ ಅಂದ್ರೆ ಗಂಡಿನ ಕಡೆಯೋರು ಮುಖ ತಿರುಗಿಸ್ತಾರೆ. ಹೆಣ್ಣು ನೋಡೋ ದಿನ ಅವಳ ಕೈತುಂಬ ಗೋರಂಟಿ ಇತ್ತಲ್ಲ, ನೀವು ಹೊಗಳಿದ್ರಿ, ಎಷ್ಟು ಚೆನ್ನಾಗಿ ಹತ್ತಿದೆ, ಗಂಡನ ಪ್ರೀತಿ ಜಾಸ್ತಿ ಸಿಗುತ್ತೆ ಅಂತ. ಅದು ಪ್ರೀತಿ ಅಲ್ಲ, ಮಸಿ. ಹುಣಸೆಹಣ್ಣು ಹಾಕಿ ತಿಕ್ಕಿದ್ವಿ, ಸೀಮೆಎಣ್ಣೆ ಹಾಕಿ ತಿಕ್ಕಿದ್ವಿ, ಉಗುರು ಸಂದೀದು, ಕೈ ಗೆರೇದು ಹೋಗ್ಲೇ ಇಲ್ಲ. ಅದ್ರ ಮೇಲೆ ಗೋರಂಟಿ ಮೆತ್ತಿದ್ವಿ. ಈ ಸಾಲಿನ ಮನೆ ಹೆಣ್ಣುಮಕ್ಕಳೆಲ್ಲ ಹಂಗೇ ಮಾಡೋದು. ನೀವು ಹಿತ್ತಲಲ್ಲಿ ನೋಡಿದ್ರೆ ಒಂದೊಂದು ಮನೇಗೂ ಒಂದೊಂದು ಗೋರಂಟಿ ಗಿಡ.

ಮೈಬಣ್ಣ ಕಪ್ಪಲ್ಲ ಅಕ್ಕ, ಕೆಲಸದ ಕಪ್ಪು. ಬಿಟ್ರೆ ಒಂದೆರಡು ತಿಂಗಳಲ್ಲಿ ಹೋಗುತ್ತೆ.

ಏನ್ ಕೆಲ್ಸ ಅಂದ್ರೆ… ನಿಮ್ಮ ಮನೇಲಿ ಟಾರ್ಚಿದ್ಯಲ್ಲ? ರೇಡಿಯೋ? ಅದಕ್ಕೆ ಹಾಕೋ ಶೆಲ್ಲು ಒಡೆದು ನೋಡಿದೀರಾ? ನಿಮ್ಮ ಮಗ ಅನಿಲ್‌ಕುಮಾರ ಚಿಕ್ಕೋನಾಗಿದ್ದಾಗ ಕಲ್ಲಲ್ಲಿ ಜಜ್ಜಿರ್ತಾನೆ ಬಿಡಿ. ನಡುವೆ ಒಂದು ಕರೀ ಕಡ್ಡಿ ಇರುತ್ತೆ. ಅದ್ರ ಸುತ್ತ ಒತ್ತಿರೋ ಕರೀ ಪುಡಿ ಇದೆಯಲ್ಲ, ಅದನ್ನ ಕಲಸೋದೇ ಶಾಮಲಾ ಕೆಲ್ಸ. ಒತ್ತಿ, ಬಟ್ಟೆ ಸುತ್ತಿ, ದಾರ ಕಟ್ತಾರೆ, ಅದಕ್ಕೆ ಗೊಂಬೆ ಅಂತಾರೆ. ಗೊಂಬೇನ ಸತುವಿನ ಡಬ್ಬಿಗೆ ಇಳಿಸಿ, ಸುತ್ತ ಹಿಟ್ಟಿನ ಗಂಜಿ ಹೊಯ್ದು ಮುಚ್ಚಿಬಿಟ್ರೆ ಶೆಲ್ಲು. ಕರೆಂಟು ಹೋದಷ್ಟೂ ಕಂಪ್ನೀಗೆ ಹಬ್ಬ. ಈಗಂತೂ ದಿನಾ ಹೋಗುತ್ತೆ.

ಸುಮ್ನೆ ಮಸಿ ಕಲಸೋದು ಅನ್ಕೋಬೇಡಿ! ಎರಡು ಪುಡಿ. ಒಂದು ಕಾರ್ಬನ್ ಮಸಿ, ಉಸಿರು ಬಿಟ್ರೆ ಹಾರಿ ಹೋಗುತ್ತೆ, ಅಷ್ಟು ಹಗುರ. ಇನ್ನೊಂದು ಮ್ಯಾಂಗನೀಸು, ಕಲ್ಲಿನ ಪುಡಿ, ಅದು ಭಾರ. ನವಸಾಗರದ ನೀರು ಚಿಮುಕಿಸಿ ಎರಡನ್ನೂ ಹದವಾಗಿ ಸೇರಿಸ್ಬೇಕು. ಕಮ್ಮಿ ಕಲಸಿದ್ರೆ ಗಂಟು ಗಂಟು. ಜಾಸ್ತಿ ಅರೆದ್ರೆ ಮಸಿ ಸತ್ತು ಹೋಗುತ್ತೆ, ಟಾರ್ಚು ಮಿಣಿಮಿಣಿ ಅನ್ನುತ್ತೆ. ನಾನು ಹತ್ತು ಹನ್ನೆರಡು ವರ್ಷ ಕಲಸಿದೀನಿ, ನನಗೇ ಒಂದೊಂದ್ಸಲ ಹದ ತಪ್ತಿತ್ತು. ಶಾಮಲಾಗೆ ತಪ್ಪಲ್ಲ. ನಿಮ್ಮನೆ ಹುಳಿ ಹದಾನೂ ತಪ್ಪಲ್ಲ, ನೋಡ್ತಾ ಇರಿ.

ಒಬ್ರು ಕೆಮಿಸ್ಟು ಇದ್ರು, ಒಳ್ಳೇ ಮನುಷ್ಯ, ಮಧ್ಯಾಹ್ನ ಬುತ್ತಿ ತಿನ್ನುವಾಗ ಹೇಳ್ತಿದ್ರು. ಮಸಿ ಅನ್ನೋದು ದಾರಿ ಕಣ್ರಮ್ಮ, ಕಲ್ಪುಡಿ ಅನ್ನೋದು ಮನೆ. ಆ ಕಡೆಯಿಂದ ಕಣ್ಣಿಗೆ ಕಾಣದ ಕಣಗಳು ಬರ್ತವೆ, ಅಯಾನು ಅಂತ ಹೆಸರು, ಅವು ಈ ಮನೆಯೊಳಗೆ ಹೋಗಿ ಸೇರ್ಕೋತವೆ. ದಾರಿ ಇಲ್ದೆ ಮನೆ ಇದ್ರೆ ಉಪಯೋಗ ಇಲ್ಲ, ಮನೆ ಇಲ್ದೆ ದಾರಿ ಇದ್ರೂ ಇಲ್ಲ, ಎರಡೂ ಬೆರೀಬೇಕು ಅಂತ. ಮತ್ತೆ ವಾಪಸ್ ಬರ್ತವಾ ಸಾರ್ ಅಂತ ನಾನು ಕೇಳಿದೆ. ಇಲ್ಲಮ್ಮ, ನಮ್ಮ ಶೆಲ್ಲಲ್ಲಿ ಒಳಗೆ ಹೋದದ್ದು ಹೋಯ್ತು, ಅದಕ್ಕೇ ಮುಗಿದ ಮೇಲೆ ಬಿಸಾಕೋದು ಅಂದ್ರು. ಈಗ ಜಪಾನಿನೋರು ಹೋಗಿ ಬರೋ ಥರದ್ದು ಮಾಡಿದಾರಂತೆ, ಅದರಲ್ಲೂ ಒಂದು ಕಡೆ ಕಾರ್ಬನ್ನೇ ಅಂತೆ, ಪದರ ಪದರವಾಗಿ, ಹೋಗ್ತವಂತೆ, ಬರ್ತವಂತೆ, ಮತ್ತೆ ಹೋಗ್ತವಂತೆ. ಪುಣ್ಯ ಮಾಡಿದ ಅಯಾನು! ನಾನಂದೆ, ನಮ್ದು ಹೆಣ್ಮಕ್ಕಳ ಥರ ಬಿಡಿ ಸಾರ್, ಕೊಟ್ಟ ಮನೆಗೆ ಹೋದ್ಮೇಲೆ ಆಯ್ತು. ಎಲ್ರೂ ನಕ್ರು.

ನೀವು ನಗ್ಲಿಲ್ಲ.

ಆ ಮೂಲೇಲಿರೋ ಬೆಲ್ಲಾನಾ? ಅದು ಅಡುಗೆಗಲ್ಲ, ಕಂಪ್ನೀಲಿ ಕೊಡೋದು. ಕೆಲಸ ಬಿಟ್ಟು ಬರೋವಾಗ ಒಂದೊಂದು ಅಚ್ಚು ಕೈಗಿಡ್ತಾರೆ. ಬೆಲ್ಲ ತಿಂದ್ರೆ ಗಂಟಲಲ್ಲಿರೋ ಧೂಳೆಲ್ಲ ಇಳಿದು ಹೋಗುತ್ತೆ ಅಂತ. ಎಲ್ಲ ಧೂಳಿನ ಕೆಲಸದಲ್ಲೂ ಕೊಡ್ತಾರಲ್ಲ. ನಾವೂ ನಂಬಿ ತಿಂದ್ವಿ. ಕರೀ ಕೈಲೇ ತಿಂದ್ವಿ, ಕೈ ತೊಳೆಯೋಕೆ ಪುರುಸೊತ್ತಿಲ್ದೆ. ಹಂಗೆ ತಿಂದ್ರೆ ಧೂಳು ಇಳಿಯುತ್ತಾ, ಏರುತ್ತಾ ಅಂತ ಯಾರೂ ಯೋಚನೆ ಮಾಡ್ಲಿಲ್ಲ. ಈಗ ಅವಳಿಗೆ ಹೇಳ್ತೀನಿ, ತಿನ್ಬೇಡ ಕಣೇ, ಮನೆಗೆ ತಗೊಂಬಾ ಅಂತ. ಅದಕ್ಕೇ ಅಷ್ಟು ಸೇರಿದೆ. ಬೇಕಾದ್ರೆ ನೀವೂ ಒಂದೆರಡು ತಗೊಂಡ್ಹೋಗಿ… ಬೇಡ್ವಾ. ಸರಿ.

ಯಾರು? ಪಕ್ಕದ ಮನೆ ಜಗಲಿ ಮೇಲೆ ಕೂತಿದ್ದೋಳಾ? ಮುನಿಗಂಗಮ್ಮ. ಹೌದಾ, ನೀವು ಮಾತಾಡಿಸಿದ್ರಾ… ಗರ್ವ ಅಲ್ಲ ಕಣಕ್ಕ! ಅಯ್ಯೋ, ಅವಳಷ್ಟು ಮಾತುಗಾತಿ ಈ ಸಾಲಲ್ಲೇ ಇರ್ಲಿಲ್ಲ. ಅವಳು ನಕ್ರೆ ಆ ಕಡೆ ಕ್ಯಾಂಟೀನಿಗೆ ಕೇಳಿಸ್ತಿತ್ತು. ಈಗ ಮುಖ ಹಂಗೆ… ಮುಖದಲ್ಲಿ ಏನೂ ಬರಲ್ಲ. ಒಳಗೆ ನಗ್ತಾಳೆ, ಹೊರಗೆ ಬರಲ್ಲ. ಮೊನ್ನೆ ಮೊಮ್ಮಗು ಹುಟ್ತು ಅಂತ ಹೇಳಿದ್ರೂ ಹಂಗೇ ಕೂತಿದ್ಲು, ಕಣ್ಣಲ್ಲಿ ಮಾತ್ರ ನೀರು ಇಳೀತಿತ್ತು. ನಡೆಯೋಕೂ ಅಷ್ಟೇ, ಪುಟ್ಟ ಪುಟ್ಟ ಹೆಜ್ಜೆ, ತಿರುಗೋಕೆ ಹೋದ್ರೆ ಹಿಂದಕ್ಕೆ ಬೀಳ್ತಾಳೆ.

ಗಾಳಿ ಸೋಕಿದೆ ಅಂದ್ರು. ಮಂತ್ರ ಹಾಕ್ಸಿದ್ರು, ತಾಯತ ಕಟ್ಸಿದ್ರು, ಎಲ್ಲಾ ಆಯ್ತು.

ಹೂಂ… ಅವಳೂ ಮಿಕ್ಸಿಂಗ್‌ನಲ್ಲೇ ಇದ್ದಿದ್ದು. ಆದ್ರೆ ಅದು ಬೇರೆ ಅಕ್ಕ! ಅವಳು ತುಂಬಾ ವರ್ಷ ಇದ್ಲು. ಅದಕ್ಕೂ ಶಾಮಲಾಗೂ ಏನು ಸಂಬಂಧ? ಅವಳು ಸೇರಿ ಇನ್ನೂ ಎಷ್ಟು ದಿನ ಆಯ್ತು! ಚೆನ್ನಾಗಿದಾಳೆ, ಗುಂಡು ಕಲ್ಲಿನ ಹಾಗಿದಾಳೆ ನನ್ನ ಮಗಳು. ನಾನ್ಯಾಕೆ ಮುನಿಗಂಗಮ್ಮನ ಮಾತು ತೆಗೆದೆ? ನೀವು ಕೇಳಿದ್ರಿ, ಹೇಳ್ದೆ. ಬೇರೆ ಮಾತಾಡೋಣ. ಮಳೆ ಆಯ್ತಾ ನಿಮ್ಮ ಕಡೆ? ರಾಗಿಗೆ ಹೊಲ ಹದ ಮಾಡಿದೀರಾ?

ಮತ್ತೆ ಆ ಜಗಲಿ ಕಡೇನೇ ಯಾಕೆ ನೋಡ್ತೀರಾ?

ಸರಿ, ಆ ಬಳೆ ಕೊಡಿ ಇಲ್ಲಿ. ಮಾತು ಬೆಳೆಸೋದು ಬೇಡ. ಅವಳ ಕೈ ನನ್ನ ಕೈ ಒಂದೇ ಅಳತೆ. ನನ್ನ ಬಳೇನೇ ಅವಳು ಹಾಕ್ಕೊಳ್ಳೋದು. ಅವಳು ಬಂದ್ರೆ ಕೈ ಕರ್ರಗಿರುತ್ತೆ, ನಿಮ್ಮ ಮುಂದೆ ಕೈ ಚಾಚೋಕೆ ನಾಚ್ಕೋತಾಳೆ, ಪಾಪ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ. ನನ್ನ ಕೈಗೇ ಹಾಕಿ ನೋಡ್ಬಿಡಿ, ಅಳತೆ ಗೊತ್ತಾಗುತ್ತೆ, ಸಂಜೆ ಬಸ್ಸಿಗೆ ನೀವು ಹೊರಡ್ಬೋದು… ನಾನೇ ಹಾಕ್ಕೋತೀನಿ ಕೊಡಿ. ಬೇಡ, ನೀವು ಯಾಕೆ… ಅಯ್ಯೋ, ಬಿಡಿ ಅಕ್ಕ…

ಹಾಕಿ ಮತ್ತೆ. ಬೇಗ ಹಾಕಿ.

ಸೆರಗಿಂದ ಕೈ ತೆಗೀದೇ ಇದ್ದಿದ್ದು ಅದಕ್ಕಲ್ಲ ಅಕ್ಕ. ಅಭ್ಯಾಸ… ಅಡುಗೆ ಮನೇಲಿ ನೀರು ಮುಟ್ಟಿದ್ದೆ, ಒದ್ದೆ ಇತ್ತು, ಥಂಡಿ… ಹತ್ತುತ್ತೆ ಅಲ್ವಾ? ಸಾಕು, ಗೊತ್ತಾಯ್ತಲ್ಲ. ಬಿಡಿ.

ಬಿಡಿ ಅಂದೆ.

ರುಕ್ಮಿಣಕ್ಕ… ಗಟ್ಟಿಯಾಗಿ ಹಿಡ್ಕೊಂಡ್ರೆ ನಿಲ್ಲಲ್ಲ ಆ ನಡುಕ. ಇನ್ನೂ ಜಾಸ್ತಿ ಆಗುತ್ತೆ. ನಾನೂ ಹಿಡ್ಕೊಂಡು ನೋಡಿದೀನಿ, ಈ ಕೈಲಿ ಆ ಕೈನ. ಕೈ ಮೇಲೆ ಕೂತ್ಕೊಂಡೂ ನೋಡಿದೀನಿ.



ಬೈರಿ. ಮೋಸಗಾತಿ ಅನ್ನಿ. ಸುಮ್ನೆ ಮಾತ್ರ ಇರ್ಬೇಡಿ, ಕೈ ಹಿಡ್ಕೊಂಡು ಸುಮ್ನೆ ಇರ್ಬೇಡಿ…

ಹೂಂ. ಥಂಡಿ ಅಲ್ಲ. ಲೋಟ ಅರ್ಧ ಹಾಕಿದ್ದು ಪಿತ್ತಕ್ಕಲ್ಲ, ಪೂರ್ತಿ ಹಾಕಿದ್ರೆ ನಿಮ್ಮ ಸೀರೆ ಮೇಲೆ ಚೆಲ್ತಿತ್ತು. ಮುನಿಗಂಗಮ್ಮನಿಗೂ ಹಿಂಗೇ ಶುರುವಾಗಿದ್ದು. ಬೆಂಗಳೂರಿನ ಆಸ್ಪತ್ರೇಲಿ ಡಾಕ್ಟ್ರು ಕೇಳಿದ್ರು, ಏನ್ ಕೆಲ್ಸ ಮಾಡ್ತಿದ್ದೆ ಅಂತ. ಹೇಳ್ದೆ. ಮ್ಯಾಂಗನೀಸಾ, ಅಂದ್ರು. ಆಮೇಲೆ ಅವ್ರೂ ನಿಮ್ಮ ಹಾಗೇ ನನ್ನ ಕೈ ಹಿಡ್ಕೊಂಡು ನೋಡಿದ್ರು. ಇನ್ಮೇಲೆ ಆ ಪುಡಿ ಹತ್ರ ಹೋಗ್ಬೇಡಮ್ಮ ಅಂದ್ರು ಅಷ್ಟೇ. ಒಳಗೆ ಹೋಗಿರೋದು ಹೊರಗೆ ತೆಗೆಯೋ ಔಷಧಿ ಕೊಡಿ ಸಾರ್ ಅಂದೆ. ಅಂಥದ್ದಿಲ್ಲಮ್ಮ ಅಂತ ಮುಂದಿನೋರನ್ನ ಕರೆದ್ರು.

ಈ ಮನೆ ಕಂಪ್ನೀದು ಅಕ್ಕ. ಮನೆಯಿಂದ ಒಬ್ರು ಮಿಕ್ಸಿಂಗ್‌ನಲ್ಲಿ ಇರೋ ತನಕ ಮನೆ, ಮನೆ ಇರೋ ತನಕ ಯಜಮಾನ್ರಿಗೆ ಗೇಟಿನ ಕೆಲ್ಸ. ಒಂದು ಇಟ್ಟಿಗೆ ಎಳೆದ್ರೆ ಎಲ್ಲಾ ಬೀಳುತ್ತೆ. ನನ್ನ ಕೈ ನೋಡಿ ಆ ಹುಡುಗಿ ಏನು ಮಾಡಿದ್ಲು ಗೊತ್ತಾ? ನನಗೆ ಒಂದು ಮಾತು ಹೇಳ್ದೆ, ಲೇಬಲ್ ಬಿಟ್ಟು, ಮೇಸ್ತ್ರಿ ಹತ್ರ ಹೋಗಿ ನನ್ನ ಜಾಗದಲ್ಲಿ ನಿಂತ್ಕೊಂಬಿಟ್ಲು. ನೀನು ಮನೇಲಿರಮ್ಮ, ನಾನು ಕಲಸ್ತೀನಿ ಅಂತ. ಗೋಳಾಡ್ದೆ, ಬೈದೆ, ಊಟ ಬಿಟ್ಟೆ. ಬಿಡು ಅಂದ್ರೆ, ನಾನು ಬಿಟ್ರೆ ನಿನ್ನ ಕರೀತಾರೆ, ಬಿಡಲ್ಲ ಅಂತಾಳೆ. ಕತ್ತೆ! ಮದುವೆ ಅಂದ್ರೆ ಮಾತ್ರ ಹೋಗ್ತಾಳೆ ಅಕ್ಕ. ಮದುವೆ ಆಗಿ ಹೋಗೋಳನ್ನ ಕಂಪ್ನೀನೂ ತಡೆಯಲ್ಲ, ಅವಳಿಗೂ ಬೇರೆ ದಾರಿ ಇರಲ್ಲ.

ಅದೇ ಅವಸರ. ಬೇರೆ ಏನೂ ಇಲ್ಲ. ನಿಜ ಹೇಳಿದ್ರೆ ರೋಗದ ಮನೆ ಅಂತ ಬಿಟ್ಟು ಹೋಗ್ತೀರಿ, ಹೇಳ್ದೆ ಇದ್ರೆ ಹೊಟ್ಟೆ ಇದೆ ಅಂತೀರಿ. ನಾನು ಏನು ಮಾಡ್ಲಿ, ನೀವೇ ಹೇಳಿ. ಅವಳಿಗೆ ಇನ್ನೂ ಏನೂ ಆಗಿಲ್ಲ ಕಣಕ್ಕ. ದಿನಾ ರಾತ್ರಿ ಅವಳು ಮಲಗಿದ್ಮೇಲೆ ಕೈ ಮುಟ್ಟಿ ನೋಡ್ತೀನಿ, ನನ್ನ ಕೈ ನಡುಗೋದಾ ಅವಳದಾ ಅಂತ ಗೊತ್ತಾಗ್ದೆ ಕೆನ್ನೆ ಇಟ್ಟು ನೋಡ್ತೀನಿ. ಇಲ್ಲ, ಇನ್ನೂ ಇಲ್ಲ. ದೀಪಾವಳಿ ತನಕ ಅಂದ್ರೆ ಇನ್ನೆಷ್ಟು ಪುಡಿ ಕುಡೀಬೇಕು ಅವಳು? ಕರ್ಕೊಂಡು ಹೋಗ್ಬಿಡಿ. ಸೂಲಿಬೆಲೇಲಿ ಸಗಣಿ ಬಾಚ್ಲಿ, ಹುಲ್ಲು ಹೊರ್ಲಿ, ನಿಮ್ಮ ಕೈಲಿ ಬೈಸ್ಕೊಳ್ಲಿ, ನಾನು ಒಂದು ದಿನ ಬಂದು ಯಾಕೆ ಅಂತ ಕೇಳಲ್ಲ.

ಸೈರನ್ ಆಯ್ತು. ಬರ್ತಾಳೆ ಈಗ. ಕೈ ಬಿಡಿ… ಯಾಕೆ ಹಂಗ್ ನೋಡ್ತೀರಾ? ಎಲ್ಲಾ ಹೇಳಿದ್ನಲ್ಲ, ಇನ್ನೇನು ಉಳೀತು?

…ಅದಾ.

ಅದನ್ನ ಯಾಕೆ ಕೇಳ್ತೀರಾ ಅಕ್ಕ. ಅವಳು ಹೋದ್ಮೇಲೆ ಆ ರೂಮಿಗೆ ಯಾರಾದ್ರೂ ಹೋಗ್ತಾರೆ ಬಿಡಿ. ಯಾರೋ ಒಬ್ರು… ಹೂಂ. ಮೇಸ್ತ್ರಿ ಹತ್ರ ಮಾತಾಡ್ಕೊಂಡು ಬಂದಿದೀನಿ. ಸಲಿಕೆ ಹಿಡಿಯೋಕೆ ಕೈ ನಡುಗಿದ್ರೆ ಏನಂತೆ, ಬಾ ಅಂದ. ಹಾಳಾಗಿರೋ ಕೈ ಇನ್ನೆಷ್ಟು ಹಾಳಾಗುತ್ತೆ? ಯಜಮಾನ್ರಿಗೂ ಹೇಳಿಲ್ಲ, ಅವಳಿಗಂತೂ ಗೊತ್ತಾಗ್ಲೇಬಾರ್ದು. ಗೊತ್ತಾದ್ರೆ ತಾಳಿ ಕಟ್ಟೋ ಹೊತ್ತಲ್ಲೂ ಹಸೆಮಣೆಯಿಂದ ಎದ್ದು ಬರ್ತಾಳೆ, ನನ್ನ ಮಗಳು ನನಗೆ ಗೊತ್ತಿಲ್ವಾ?

ಅಳ್ಬೇಡಿ. ನಿಮ್ಮ ಕಾಲು ಹಿಡೀತೀನಿ, ಅಳ್ಬೇಡಿ ಈಗ! ಕಣ್ಣೊರೆಸ್ಕೊಳ್ಳಿ, ತಗೊಳ್ಳಿ ಸೆರಗು. ಅಗೋ, ಬಂದೇ ಬಿಟ್ಲು…

ಬಾರಮ್ಮ ಶಾಮಲಾ! ಅಲ್ಲೇ ನಿಂತ್ಕೊಂಬಿಟ್ಯಾ? ಪರ್ವಾಗಿಲ್ಲ ಬಾ, ಕೈ ಮುಚ್ಕೋಬೇಡ, ಎಲ್ಲಾ ಹೇಳಿದೀನಿ. ನೋಡು ಯಾರು ಬಂದಿದಾರೆ! ನಿಮ್ಮತ್ತೆ. ಆಷಾಢಕ್ಕೆ ಮುಂಚೇನೇ ಮದುವೆ ಆಗ್ಬಿಡ್ಲಿ, ತಮಗೆ ಸಂತೋಷ ಅಂತ ಹೇಳಿ ಹೋಗೋಕೆ ಅಷ್ಟು ದೂರದಿಂದ ಬಂದಿದಾರೆ ಕಣೇ. ಅಲ್ವಾ ರುಕ್ಮಿಣಕ್ಕ?

…ಅಲ್ವಾ?